ಹಲ್ಲಿನಲ್ಲಿ ಕೇಳಿದ ಬಿರುಕು

ಬಸ್ ಡಿಪೋದ ಹಿಂಗೋಡೆಗೆ ಅಂಟಿಕೊಂಡ ಬೀದಿಯಲ್ಲಿ ಕಮಾನು ಕೆಲಸದ ಅಂಗಡಿಗಳು ಮೂರು. ಲಾರಿ, ಬಸ್ಸು, ಹಳೆ ಕಾರುಗಳ ಭಾರ ಹೊತ್ತು ಹೊತ್ತು ಚಪ್ಪಟೆಯಾದ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ, ಕಾಯಿಸಿ, ಬಡಿದು, ಮತ್ತೆ ಬಿಲ್ಲಿನ ಹಾಗೆ ಬಾಗಿಸಿ ಕೊಡುವುದು ಅಲ್ಲಿನ ಕಸುಬು. ಎಡಗಡೆಯ ಮೊದಲ ಅಂಗಡಿಯವನನ್ನು ಎಲ್ಲರೂ ಕರೆಯುವುದು ಕಿವಿ ಎಂದು. ಮುಖದೆದುರು ಕಿವಿಯಣ್ಣ, ಬೆನ್ನ ಹಿಂದೆ ಬರೀ ಕಿವಿ. ಬರೆದಿಡುವಂಥ ದೊಡ್ಡ ಮನುಷ್ಯ ಅವನಲ್ಲ. ದೊಡ್ಡ ಮನುಷ್ಯರ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಆ ದಿನದ ಊಟವೂ ಅಲ್ಲೇ ಆಗುತ್ತದೆ. ಸಣ್ಣ ಮನುಷ್ಯರ ಗತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಒಬ್ಬನ ಜೀವಕ್ಕೆ ಕುತ್ತಾಗುವವರೆಗೂ.

ಹೆಸರು ಬಂದದ್ದು ಹೀಗೆ. ಒಂದು ಕಮಾನಿನಲ್ಲಿ ಆರೇಳು ಪಟ್ಟಿಗಳಿರುತ್ತವೆ, ಒಂದರ ಮೈಗೆ ಒಂದು ಒತ್ತಿಕೊಂಡು. ಎಲ್ಲಕ್ಕಿಂತ ಉದ್ದದ್ದು, ಎರಡು ತುದಿಯಲ್ಲೂ ಸುರುಳಿ ಸುತ್ತಿ ಗಾಡಿಗೆ ಸಿಕ್ಕಿಸುವಂಥದ್ದು, ತಾಯಿಪಟ್ಟಿ. ಅದು ಮುರಿದರೆ ಉಳಿದ ಪಟ್ಟಿಗಳು ಎಷ್ಟೇ ಗಟ್ಟಿ ಇರಲಿ, ಚಕ್ರದ ಅಚ್ಚು ಇದ್ದ ಜಾಗ ಬಿಟ್ಟು ಸರಿಯುತ್ತದೆ, ಗಾಡಿ ತನಗಿಷ್ಟ ಬಂದ ಕಡೆ ಹೊರಳುತ್ತದೆ. ಬಿರುಕು ಬಿಟ್ಟ ಪಟ್ಟಿಯನ್ನು ಎಷ್ಟು ಚೆಂದ ಬಾಗಿಸಿದರೂ ಅದು ಬಿರುಕು ಬಿಟ್ಟ ಪಟ್ಟಿಯೇ. ಆದ್ದರಿಂದ ಮೊದಲ ಕೆಲಸ ಬಿರುಕು ಹುಡುಕುವುದು. ಕಿವಿ ಪ್ರತಿ ಪಟ್ಟಿಯನ್ನೂ ತೊಲೆಯ ಕೊಕ್ಕೆಯಿಂದ ತಂತಿಯಲ್ಲಿ ಇಳಿಬಿಟ್ಟು, ಸಣ್ಣ ಸುತ್ತಿಗೆಯಿಂದ ಒಂದೇ ಏಟು ತಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಗಟ್ಟಿ ಪಟ್ಟಿ ಹತ್ತು ಎಣಿಸುವವರೆಗೆ ಹಾಡುತ್ತದೆ. ಒಡೆದದ್ದು ಸೀಳಿದ ಮಡಕೆಯ ಹಾಗೆ ಒಂದೇ ಮಾತು ಆಡಿ ಸುಮ್ಮನಾಗುತ್ತದೆ. ಇಪ್ಪತ್ತಾರು ವರ್ಷ ಅವನು ಹೀಗೆ ಕೇಳಿದ. ಒಂದು ಸಲವೂ ತಪ್ಪಿರಲಿಲ್ಲ ಎಂದು ಬೀದಿ ಹೇಳುತ್ತದೆ. ಬೀದಿಗಿಂತ ಮೊದಲು ಅವನೇ ಹೇಳುತ್ತಿದ್ದ.

ಎದುರು ಅಂಗಡಿಯವನದು ಬೇರೆ ಬಗೆ. ಅವನು ಪಟ್ಟಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಬಿಳಿ ಚಾಕಿನ ಪುಡಿ ಉದುರಿಸಿ ತಟ್ಟುತ್ತಿದ್ದ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಹೊರಗೆ ಜಿನುಗಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಮೂರನೇ ಕ್ಲಾಸಿನ ಮಗುವಿಗೂ ಕಾಣುವ ಗೆರೆ. ಕಿವಿಗೆ ಸಹಿಸಲಾಗದ್ದು ಇದೇ. ಯಾರಿಗೆ ಬೇಕಾದರೂ ಕಾಣುವುದಾದರೆ ತನ್ನ ಕಿವಿ ಯಾಕೆ? ಅವನು ಎದುರಿನವನಿಗೆ ಸುಣ್ಣ ಎಂದು ಹೆಸರಿಟ್ಟ. ಗಿರಾಕಿಗಳ ಮುಂದೆ ರಸ್ತೆಯಾಚೆಗೆ ಕೇಳುವ ಹಾಗೆ ಕೂಗುತ್ತಿದ್ದ: “ಏನಪ್ಪಾ ಸುಣ್ಣ, ಇವತ್ತು ಕಮಾನಾ, ಗೋಡೆನಾ?” ಹೆಸರು ನಿಂತುಬಿಟ್ಟಿತು. ಸುಣ್ಣನ ಹೆಂಡತಿಯೂ ಒಮ್ಮೊಮ್ಮೆ ಬಾಯಿ ತಪ್ಪಿ ಹಾಗೇ ಕರೆದದ್ದುಂಟು.

ಎರಡು ವರ್ಷದ ಹಿಂದೆ ಕಿವಿಯ ಕಿವಿ ಹೋಯಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ತಗಡಿನ ಮಾಡಿನ ಕೆಳಗೆ ದಿನಕ್ಕೆ ಒಂಬತ್ತು ಗಂಟೆ ಉಕ್ಕು ಬಡಿದವನಿಗೆ ಇಷ್ಟು ದಿನ ಉಳಿದದ್ದೇ ಹೆಚ್ಚು. ಮೊದಲು ತಿಳಿದದ್ದು ಹೆಂಡತಿಗೆ. ಅಂಗಡಿಯ ಹಿಂದೆಯೇ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಕುಲುಮೆ. ಆ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಇಟ್ಟುಕೊಂಡು ಅವಳು ಬಸ್ಸು ಕಾರುಗಳಿಗೆ ಸೀಟು ಕವರು ಹೊಲಿಯುತ್ತಿದ್ದಳು.

“ಡಾಕ್ಟ್ರ ಹತ್ರ ಹೋಗಿ ಬರೋಣ,” ಎಂದಳು.

“ಯಾಕೆ?”

“ಮೂರು ಸಲ ಕರೆದೆ. ತಿರುಗಲೇ ಇಲ್ಲ.”

“ನೀನು ಇತ್ತೀಚೆಗೆ ಮೆಲ್ಲಗೆ ಮಾತಾಡೋದು ಕಲಿತಿದ್ದೀಯ.”

ಸುತ್ತಿಗೆಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬಾಯಿ ಊರಗಲ ಆದವಳಿಗೆ ಸಿಕ್ಕ ಬಿರುದು ಇದು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಕಿವಿ ತನ್ನ ದಾರಿ ತಾನೇ ಕಂಡುಕೊಂಡ. ಪಟ್ಟಿ ಇಳಿಬಿಟ್ಟ ತಂತಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ತಟ್ಟತೊಡಗಿದ. ಉಕ್ಕಿನ ನಡುಕ ದವಡೆಗೆ, ದವಡೆಯಿಂದ ತಲೆಗೆ. ಗಟ್ಟಿಯದು ಹಲ್ಲಿನಲ್ಲಿ ಹತ್ತು ಎಣಿಸುವವರೆಗೆ ಜುಮುಗುಟ್ಟುತ್ತದೆ, ಒಡೆದದ್ದು ತಟಕ್ಕನೆ ಸಾಯುತ್ತದೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಈಗಲೇ ಅವನ ತೀರ್ಪು ಕರಾರುವಾಕ್ಕು. ಆದರೆ ಯಾಕೆ ಕಚ್ಚುತ್ತೀಯ ಎಂದು ಯಾರಾದರೂ ಕೇಳಿದರೆ, “ಕೈ ಖಾಲಿ ಇರಲಿ ಅಂತ,” ಎನ್ನುತ್ತಿದ್ದ. ಬುದ್ಧಿ ಬಳಸಿ ಗೆದ್ದದ್ದನ್ನೂ ಕಳ್ಳತನದಂತೆ ಮುಚ್ಚಿಡುವ ಜಾತಿಯ ಮನುಷ್ಯ.

ಇಂಥವನ ಬಾಗಿಲಿಗೆ ಒಂದು ಮಂಗಳವಾರ ಬಂದದ್ದು ವಕೀಲರ ಅಳಿಯ.

ವಕೀಲರು ಸತ್ತು ಮೂವತ್ತು ವರ್ಷವಾಗಿದೆ. ಅಳಿಯನಿಗೆ ಅರವತ್ತು ದಾಟಿದೆ. ಈ ನಡುವೆ ಬೇರೆ ಯಾವ ಹೆಸರನ್ನೂ ಸಂಪಾದಿಸಿಕೊಳ್ಳಲು ಅವನಿಗೆ ಪುರುಸೊತ್ತಾಗಿಲ್ಲ. ಮಾವನ ಮನೆಯಿಂದ ಬಂದದ್ದರಲ್ಲಿ ಅವನು ದಿನಾ ಒರೆಸಿ, ಮುಟ್ಟಿ, ವಿಚಾರಿಸಿಕೊಂಡು ಇಟ್ಟದ್ದು ಒಂದನ್ನೇ, ಶಾಯಿ ಬಣ್ಣದ ಹಳೆ ಕಾರು. ಹಾಗೆಂದು ಅವನೇನೂ ಅದನ್ನು ಓಡಿಸುವುದಿಲ್ಲ. ಅದಕ್ಕೆ ಡ್ರೈವರು ಇದ್ದಾನೆ. ಹಳೆ ಕಾರಿನವರದು ಒಂದು ಕೂಟ. ಭಾನುವಾರ ಆ ಕೂಟದ ಮೆರವಣಿಗೆ. ಬೆಟ್ಟದ ರಸ್ತೆ ಹತ್ತಿ ಇಳಿದು ಮೈದಾನಕ್ಕೆ ಬಂದು ನಿಲ್ಲಬೇಕು. ಹೊರಡುವಾಗ ನೂರು ಗಜ, ಮುಟ್ಟುವಾಗ ನೂರು ಗಜ ಅಳಿಯ ಕಾರಿನಲ್ಲಿ ಕೂರುತ್ತಾನೆ. ಮಧ್ಯದ ಬೆಟ್ಟವನ್ನೆಲ್ಲ ಡ್ರೈವರು ಒಬ್ಬನೇ ದಾಟಿಸಬೇಕು. ಅಳಿಯ ಮುಂದೆ ಏಸಿ ಗಾಡಿಯಲ್ಲಿ ಕೂತು ಹಿಂದಕ್ಕೆ ತಿರುಗಿ ಫೋಟೋ ತೆಗೆಸುತ್ತಾನೆ. ಇದಕ್ಕೆ ಅವರಲ್ಲಿ ಪರಂಪರೆ ಉಳಿಸುವುದು ಎನ್ನುತ್ತಾರೆ.

ಕಾರು ಎಡಹಿಂಭಾಗದಲ್ಲಿ ಕುಸಿದಿತ್ತು. ಬೆಂಚಿನ ಮೇಲೆ ಒಂದೇ ಕುಂಡೆ ಊರಿ ಕೂತವರ ಹಾಗೆ ವಾಲಿಕೊಂಡು ಬಂತು. ಕಿವಿ ಕಮಾನು ಬಿಚ್ಚಿ ಆರು ಪಟ್ಟಿ ತೊಳೆದ. ಒಂದೊಂದನ್ನೇ ಇಳಿಬಿಟ್ಟು ತಟ್ಟಿದ. ಐದು ಸರಿಯಿದ್ದವು, ಬರೀ ಬಳಲಿದ್ದವು. ತಾಯಿಪಟ್ಟಿಯ ಉದ್ದಕ್ಕೂ ನಾಲ್ಕು ಕಡೆ ತಟ್ಟಿ, ತಂತಿ ಬಾಯಿಂದ ತೆಗೆದು ಹೇಳಿದ: “ಇದು ಒಡೆದಿದೆ. ನಡುವಿನ ಬೋಲ್ಟಿನ ತೂತಿನ ಹತ್ತಿರ.”

ಅಳಿಯ ಕನ್ನಡಕ ಏರಿಸಿ ಬಗ್ಗಿ ನೋಡಿದ. “ಏನೂ ಕಾಣ್ತಿಲ್ಲವಲ್ಲ.”

“ಕಾಣೋಷ್ಟು ಬೆಳೆದಿಲ್ಲ. ಹೊಸ ಉಕ್ಕಿನಲ್ಲಿ ಮಾಡಿಕೊಡ್ತೀನಿ. ಶನಿವಾರ ಸಂಜೆಗೆ ಕೂರಿಸಿ ಕೊಡ್ತೀನಿ.”

“ಹೊಸದು ಆಗಲ್ಲ.” ಅಳಿಯ ಪಟ್ಟಿಯ ತುದಿಗೆ ಬೆರಳಿಟ್ಟ. ಅಲ್ಲಿ ಕಿರುಬೆರಳಿನ ಉಗುರಿನಷ್ಟು ಒಂದು ಮುದ್ರೆ ಇತ್ತು, ಕಾರು ಮಾಡಿದ ಕಂಪನಿಯದು. “ಪರೀಕ್ಷೆ ಮಾಡೋರು ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಇದನ್ನ ನೋಡ್ತಾರೆ. ಇದಿಲ್ಲ ಅಂದ್ರೆ ನಮ್ಮ ಕಾರು ಕಲಬೆರಕೆ ಅಂತಾರೆ.”

ಕಿವಿ ಆಗಲೇ ಕುಲುಮೆಯ ಕಡೆ ತಿರುಗಿದ್ದ. ಅಳಿಯ ಬೆನ್ನಿಗೆ ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಹೇಳಿದ. ಆಮೇಲೆ ತಂತಿಯನ್ನು ನೋಡಿದ, ಅದರ ಮೇಲಿನ ಹಲ್ಲಿನ ಗುರುತು ನೋಡಿದ. ಅಷ್ಟು ತಿಳಿಯುವಷ್ಟು ವಕೀಲರ ಸಹವಾಸ ಅವನಿಗೂ ಆಗಿತ್ತು.

“ಓಹೋ,” ಎಂದ, ಈ ಸಲ ಬೀದಿಗೆಲ್ಲ ಕೇಳುವ ಹಾಗೆ. “ಊರೆಲ್ಲ ಕಿವಿ ಕಿವಿ ಅಂತ ನನ್ನನ್ನ ಇಲ್ಲಿಗೆ ಕಳಿಸಿದ್ರು. ಕಿವಿ ಎಲ್ಲಿ ಸ್ವಾಮಿ? ಹಲ್ಲಲ್ಲಿ ಕೇಳೋರ ಮಾತು ಕೇಳಿ ನಾನು ಮೂಲ ಪಟ್ಟಿ ಬಿಸಾಡ್ಬೇಕಾ?”

ಮೂರನೇ ಅಂಗಡಿಯಿಂದ ಯಾರೋ ನಕ್ಕರು. ಎದುರಿನಿಂದ ಸುಣ್ಣ ಎದ್ದು ರಸ್ತೆಯಂಚಿಗೆ ಬಂದ.

ಆಗ ಕಿವಿ ಮಾಡಬೇಕಾಗಿದ್ದದ್ದು ಇಷ್ಟೇ. ಕುಲುಮೆಯ ಪಕ್ಕದಲ್ಲಿ ಸೀಮೆಎಣ್ಣೆಯ ಸೀಸೆ ಇತ್ತು. ಕಿಟಕಿಯೊಳಗೆ ಹೆಂಡತಿ ಬಟ್ಟೆಗೆ ಗುರುತು ಹಾಕುವ ಚಾಕಿನ ತುಂಡುಗಳು ಡಬ್ಬಿ ತುಂಬ ಇದ್ದವು. ಅರ್ಧ ಗಂಟೆಯ ಕೆಲಸ. ಬಿರುಕು ತಾನೇ ಬಂದು ಸಾಕ್ಷಿ ಹೇಳುತ್ತಿತ್ತು. ಅವನು ಅದನ್ನು ಮಾಡಲಿಲ್ಲ. ಸುತ್ತಿಗೆ ಕೆಳಗಿಟ್ಟು, “ಒಂದು ಸಲ ಹೇಳಿದ್ದೀನಿ. ನನ್ನಂಗಡೀಲಿ ಎರಡನೇ ಸಲ ಇಲ್ಲ,” ಎಂದ. ರಾಜರು ಹೀಗೆ ಮಾತಾಡುತ್ತಿದ್ದರಂತೆ, ಅವರೂ ಒಬ್ಬೊಬ್ಬರಾಗಿ ಹೋದರು.

ಅಳಿಯ ಆರು ಪಟ್ಟಿಗಳನ್ನೂ ಡ್ರೈವರಿನ ಹೆಗಲ ಮೇಲೆ ಹೊರಿಸಿ ರಸ್ತೆ ದಾಟಿದ. ಇನ್ನು ಸುಣ್ಣನ ಸರದಿ. ಹದಿನೇಳು ವರ್ಷ ಸುಣ್ಣ ಎನ್ನಿಸಿಕೊಂಡವನು ಅಂದು ಚಾಕನ್ನು ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಮತ್ತೆ ಸುಣ್ಣವೇ ಆಗುತ್ತಿದ್ದ. ಕಿವಿಯನ್ನು ಕಿವಿಯಿಂದಲೇ ಸೋಲಿಸುವ ಯೋಗ ಕೂಡಿಬಂದಿತ್ತು. ಅವನು ತಾಯಿಪಟ್ಟಿಯನ್ನು ಹಗ್ಗದಲ್ಲಿ ನೇತುಹಾಕಿ, ಸುತ್ತಿಗೆಯಿಂದ ತಟ್ಟಿ, ಥೇಟ್ ಕಿವಿಯ ಹಾಗೆ ಕಣ್ಣು ಮುಚ್ಚಿದ. ಅವನಿಗೆ ಏನು ಕೇಳಿಸಿತೋ ಅವನಿಗೇ ಗೊತ್ತಿರಲಿಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಒಂದು ಪಟ್ಟಿಯನ್ನೂ ಅವನು ಕೇಳಿದವನಲ್ಲ.

“ಗಂಟೆ ಹಾಗೆ ಇದೆ,” ಎಂದ. “ಕಾಯಿಸದೆ ತಣ್ಣಗೇ ಬಡಿದು ಬಾಗು ಎತ್ತಿಕೊಡ್ತೀನಿ. ಗುರುವಾರ ಬನ್ನಿ.”

ಹೀಗೆ ಕಿವಿಯಿದ್ದವನು ಕೇಳದೆ ಹೇಳಿದ, ಕೇಳಿದವನು ಹೇಳಿ ಸುಮ್ಮನಾದ. ಇಬ್ಬರ ನಡುವೆ ಒಂದು ಜೀವ ಇತ್ತು, ಅದು ಪಟ್ಟಿ ಹೊತ್ತುಕೊಂಡು ನಿಂತಿತ್ತು.

ಬುಧವಾರ ಮಧ್ಯಾಹ್ನ ಡ್ರೈವರು ಒಬ್ಬನೇ ಬಂದ. ನಲವತ್ತೈದರ ಆಸುಪಾಸಿನವನು, ಬೆವರಿನ ಅಂಗಿ, ಮೆತ್ತಗಿನ ಮಾತು. ಯಜಮಾನರ ಕಾರುಗಳನ್ನು ಓಡಿಸಿ ಓಡಿಸಿ ಯಾರ ಬಾಗಿಲಲ್ಲೂ ಒಂದು ಪಕ್ಕಕ್ಕೆ ನಿಲ್ಲುವುದು ಅಭ್ಯಾಸವಾಗಿತ್ತು. ಹಾಗೇ ನಿಂತ.

“ಅಣ್ಣಾ, ಅದು ನಿಜವಾಗ್ಲೂ ಒಡೆದಿದೆಯಾ?”

ಕಿವಿ ಅರೆಬಾಗಿದ ಲಾರಿ ಪಟ್ಟಿಯಿಂದ ತಲೆ ಎತ್ತಲಿಲ್ಲ. ಡ್ರೈವರು ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು, ಮತ್ತೆ ಕೇಳಿದ. ಅಷ್ಟು ಮರ್ಯಾದೆ ಅವನಿಗೆ ತಿಳಿದಿತ್ತು.

“ಹೇಳಿ ಆಗಿದೆ,” ಎಂದ ಕಿವಿ.

“ಬೆಟ್ಟ ಇಳಿಸೋನು ನಾನು. ಅವರು ಮುಂದಿನ ಗಾಡೀಲಿರ್ತಾರೆ. ಹನ್ನೊಂದು ತಿರುವು ಇದೆ ಅಲ್ಲಿ, ಎಡಗಡೆ ಗೋಡೆ ಇಲ್ಲ. ಬಿರುಕು ಇದೆ ಅಂದ್ರೆ ಇದೆ ಅನ್ನಿ, ನಾನು ಒಲ್ಲೆ ಅಂತೀನಿ. ಬರೀ ಬಾಯಿಮಾತಲ್ಲಿ ಒಲ್ಲೆ ಅಂದ್ರೆ ಕೆಲಸ ಹೋಗುತ್ತೆ. ಏನಾದ್ರೂ ತೋರಿಸೋ ಹಾಗಿದ್ರೆ...”

“ತೋರಿಸೋಕೆ ನಾನೇನು ಸರ್ಕಸ್ಸಾ? ನನ್ನ ಮಾತು ಬೇಡ ಅಂದವರು ಎದುರಂಗಡೀಲಿದ್ದಾರೆ. ಅಲ್ಲಿ ಕೇಳು.”

“ಅಲ್ಲಿ ಗಂಟೆ ಅಂತಾರೆ.”

“ಹಾಗಾದ್ರೆ ಗಂಟೆ.”

ಡ್ರೈವರು ಹೊರಟುಹೋದ. ಕಿವಿ ಲಾರಿ ಪಟ್ಟಿಯನ್ನು ಇನ್ನೂ ನಾಲ್ಕು ಏಟು ಹೆಚ್ಚಾಗಿಯೇ ಬಡಿದ. ಕಿಟಕಿಯೊಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಅದು ಅವನಿಗೆ ಕೇಳಿಸುವಂತಿರಲಿಲ್ಲ.

ಊಟಕ್ಕೆ ಕೂತಾಗ ಹೆಂಡತಿ ಎದುರಿಗೆ ಕೂತಳು, ಮುಖಕ್ಕೆ ಮುಖ ಕೊಟ್ಟು.

“ನಾಳೆ ಬೆಳಿಗ್ಗೆ ಆ ಪಟ್ಟಿಗೆ ಚಾಕ್ ಹಾಕಿ ತೋರಿಸಿ ಬಾ.”

“ನಾನಾ? ಸುಣ್ಣನ ಅಂಗಡೀಲಿ? ಸುಣ್ಣ ಹಾಕಿ?”

“ಹೂಂ.”

“ಇಪ್ಪತ್ತಾರು ವರ್ಷ ನನ್ನ ಮಾತು ನಡೆದಿದೆ. ಈಗ ಸೀಮೆಎಣ್ಣೆ ಬಳಿದು ಸಾಬೀತು ಮಾಡ್ಬೇಕಾ?”

“ಬೇಡ ಬಿಡು,” ಎಂದಳು ಹೆಂಡತಿ. “ಭಾನುವಾರ ಅವನು ಸತ್ರೆ ತಾನಾಗೇ ಸಾಬೀತಾಗುತ್ತೆ. ಆಮೇಲೆ ಊರೆಲ್ಲ ಹೇಳ್ತಾರೆ, ಕಿವಿಯಣ್ಣ ಹೇಳಿದ್ದು ನಿಜ ಆಯ್ತು ಅಂತ. ಅದನ್ನೇ ಕಾಯ್ತಿದ್ದೀಯ ನೀನು.”

ಕಿವಿ ತಟ್ಟೆ ಸರಿಸಿ ಎದ್ದ. ಇದಕ್ಕಿಂತ ಹೀನವಾದ ಮಾತನ್ನು ಯಾವ ಹೆಂಡತಿಯೂ ಗಂಡನಿಗೆ ಹೇಳಿರಲಾರಳು ಎಂದು ಅವನು ಆಮೇಲೆ ಮೂರನೇ ಅಂಗಡಿಯವನ ಹತ್ತಿರ ಹೇಳಿಕೊಂಡ. ಹೀನ ಯಾಕೆಂದರೆ ಅದು ಸರಿಯಾಗಿ ಬೋಲ್ಟಿನ ತೂತಿಗೇ ಬಿದ್ದಿತ್ತು. ಇಂಥ ಮನುಷ್ಯರಿಗೆ ಯಾರೂ ಸಾಯುವುದು ಬೇಕಿರುವುದಿಲ್ಲ. ತಾವು ಸರಿ ಎಂದು ತೋರಿದರೆ ಸಾಕು, ಉಳಿದದ್ದು ಹೇಗೋ ಆಗಲಿ.

ಗುರುವಾರ ಬೆಳಿಗ್ಗೆ ತಾಯಿಪಟ್ಟಿ ಸುಣ್ಣ ಉಕ್ಕು ಬಡಿಯುವ ಅಡಿಗಲ್ಲಿನ ಮೇಲಿತ್ತು. ಕೆಲಸ ಕಣ್ಣೆದುರೇ ಆಗಲಿ ಎಂದು ಅಳಿಯ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಡ್ರೈವರು ಜಾಕಿನ ಮೇಲೆ ನಿಲ್ಲಿಸಿದ್ದ ಕಾರಿನ ಪಕ್ಕ ನಿಂತಿದ್ದ. ಕಿವಿಯ ಹೆಂಡತಿ ಒಂದು ಕೈಯಲ್ಲಿ ಸೀಸೆ, ಒಂದು ಕೈಯಲ್ಲಿ ಚಾಕಿನ ಡಬ್ಬಿ, ಹೆಗಲ ಮೇಲೆ ಹಳೆ ಬಟ್ಟೆ ಹಾಕಿಕೊಂಡು ರಸ್ತೆ ದಾಟಿದಳು. ಹದಿನೇಳು ವರ್ಷದಲ್ಲಿ ಆ ಅಂಗಡಿಯ ಹೊಸ್ತಿಲು ತುಳಿದದ್ದು ಅದೇ ಮೊದಲು.

“ಏನಕ್ಕಾ ಇದು?” ಎಂದ ಸುಣ್ಣ.

“ನಿನ್ನ ವಿದ್ಯೆನೇ ಕಣಪ್ಪ. ನೀನು ಮರೆತಿದ್ದೀಯ ಅಂತ ನೆನಪಿಸೋಕೆ ಬಂದೆ.”

“ಯಜಮಾನ್ರು ಬರ್ಲಿಲ್ವಾ?” ಅಳಿಯ ನಕ್ಕ. “ಹಲ್ಲುನೋವಾ?”

ಅವಳು ಬೋಲ್ಟಿನ ತೂತಿನ ಸುತ್ತ ಎಣ್ಣೆ ಸವರಿದಳು. ಸುಣ್ಣನ ಕುರ್ಚಿಯೊಂದನ್ನು ತಾನೇ ಎಳೆದುಕೊಂಡು ಅರ್ಧ ಗಂಟೆ ಕೂತಳು. ಸುತ್ತಿಗೆ ಎತ್ತಲು ಬಂದ ಸುಣ್ಣನನ್ನು ನೋಡಿದ ನೋಟಕ್ಕೆ ಅವನು ಸುತ್ತಿಗೆಯನ್ನು ಗೋಡೆಗೆ ಒರಗಿಸಿಟ್ಟ. ಆಮೇಲೆ ಅವಳು ಉಕ್ಕು ಹೊಳೆಯುವ ಹಾಗೆ ಒರೆಸಿ, ಚಾಕನ್ನು ಬೆರಳಲ್ಲೇ ಪುಡಿ ಮಾಡಿ ತೆಳ್ಳಗೆ ಉದುರಿಸಿ, ಪಕ್ಕದಲ್ಲಿ ಎರಡು ಸಲ ತಟ್ಟಿದಳು. ಬೆಳ್ಳಗಿನ ಪುಡಿಯ ಮೇಲೆ, ತೂತಿನ ಅಂಚಿನಿಂದ ಹೊರಟು, ಒಂದು ಬೆರಳಗಲ, ಕೂದಲಿನಂಥ ಕಪ್ಪು ಗೆರೆ ಮೂಡಿತು. ನೋಡುತ್ತಿದ್ದ ಹಾಗೇ ಇನ್ನೂ ಅರ್ಧ ಬೆರಳು ಮುಂದುವರಿಯಿತು.

ಸುಣ್ಣ ನೆಲ ನೋಡಿದ. ಮೊದಲು ಬಾಯಿ ಬಿಟ್ಟವನು ಅಳಿಯ. ಬಗ್ಗಿ ಗೆರೆಯನ್ನು ಗಮನವಿಟ್ಟು ನೋಡಿದ, ಮುದ್ರೆಯಿಂದ ಅದು ಎಷ್ಟು ದೂರ ಎಂದು ಬೆರಳಲ್ಲಿ ಅಳೆದ. ಆಮೇಲೆ ಸುಣ್ಣನಿಗೆ ಹೇಳಿದ:

“ಬಣ್ಣ ಹೊಡೆದ್ರೆ ಇದು ಕಾಣಲ್ಲ ಅಲ್ವಾ?”

ಡ್ರೈವರು ಜೇಬಿನಿಂದ ಕಾರಿನ ಕೀ ತೆಗೆದು, ಆ ಶಾಯಿ ಬಣ್ಣಕ್ಕೆ ಗೀರು ಬೀಳದ ಹಾಗೆ, ಬಾನೆಟ್ಟಿನ ಮೇಲಿದ್ದ ಒರೆಸುವ ಬಟ್ಟೆಯ ಮೇಲೆ ಇಟ್ಟ. “ನೀವೇ ಓಡಿಸಿ ಸಾರ್,” ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದ.

ಅಳಿಯನಿಗೆ ಓಡಿಸಲು ಬರುವುದಿಲ್ಲ. ಬೇರೆ ಡ್ರೈವರು ಸಿಗಲಿಲ್ಲ, ಗುರುವಾರ ಸಂಜೆಯೊಳಗೆ ಡಿಪೋದ ಕ್ಯಾಂಟೀನಿನಲ್ಲಿ ಗೆರೆಯ ಸುದ್ದಿ ಎಲ್ಲರ ಟೀಗೂ ನೆಂಚಿಕೆಯಾಗಿತ್ತು. ಕೊನೆಗೆ ಒಡೆದ ಪಟ್ಟಿಗೇ ಬಣ್ಣ ಹೊಡೆಸಿ, ಕಮಾನು ಕೂರಿಸಿ, ಕಾರನ್ನು ಲಾರಿಯ ಮೇಲೆ ಏರಿಸಿ ಮೈದಾನಕ್ಕೆ ಒಯ್ದರು. ಬೆಟ್ಟ ಹತ್ತಲಿಲ್ಲ, ಇಳಿಯಲಿಲ್ಲ. ಎಡಹಿಂಭಾಗ ಕುಸಿಯದಂತೆ ಅಡಿಯಲ್ಲಿ ಮರದ ತುಂಡು ಕೊಟ್ಟು ನಿಲ್ಲಿಸಿದರು. ಪರೀಕ್ಷೆಯವರು ಟಾರ್ಚ್ ಹಿಡಿದು ಮಲಗಿ ಮುದ್ರೆ ನೋಡಿ ಮೆಚ್ಚಿಕೊಂಡರು. ಮರದ ತುಂಡು ಅವರ ಮೂಗಿನಿಂದ ಒಂದು ಗೇಣು ದೂರದಲ್ಲೇ ಇತ್ತು. ಎಲ್ಲ ಭಾಗವೂ ಮೂಲದ್ದೇ ಎಂದು ಬಹುಮಾನ ಬಂತು, ಓಡದ ಕಾರಿಗೆ, ಓಡಿಸಲು ಬಾರದವನ ಕೈಗೆ.

ಕಿವಿ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಮಾಡಿದ ತಪ್ಪು ಎಂಥದ್ದೆಂದರೆ, ಗಂಡ ಹೇಳಿದ್ದು ನಿಜ ಎಂದು ಊರಿಗೆ ತೋರಿಸಿದ್ದು. ಹನ್ನೆರಡು ದಿನ ಅವನು ಊಟಕ್ಕೆ ಬಂದು ಗೋಡೆ ನೋಡಿ ಉಂಡು ಹೋದ. ಅವಳು ಹನ್ನೆರಡು ದಿನವೂ ಬಡಿಸಿದಳು, ಮಾತು ಮಾತ್ರ ಹುಡುಕಲು ಹೋಗಲಿಲ್ಲ. ಸೀಟು ಕವರಿನ ಆರ್ಡರು ತುಂಬ ಇತ್ತು.

ಹದಿಮೂರನೇ ದಿನ ಡ್ರೈವರು ಬಂದ. ಡಿಪೋದಲ್ಲೇ ಬಸ್ಸು ತೊಳೆದು ಜಾಗಕ್ಕೆ ತಂದು ನಿಲ್ಲಿಸುವ ಕೆಲಸ ಸಿಕ್ಕಿತ್ತು, ಮೊದಲಿನದರ ಅರ್ಧ ಸಂಬಳಕ್ಕೆ. ಕಿಟಕಿಯ ಹತ್ತಿರ ಹೋಗಿ, “ಅಕ್ಕಾ, ನಿಮಗೆ ಹೇಳಿ ಹೋಗೋಣ ಅಂತ ಬಂದೆ. ಮನೆಯವಳು ನಿಮ್ಮನ್ನ ನೋಡ್ಬೇಕಂತೆ, ಒಂದಿನ ಕರ್ಕೊಂಡು ಬರ್ತೀನಿ,” ಎಂದ. ಅವಳು ಹೂಂ ಎಂದು ಸೂಜಿಗೆ ದಾರ ಪೋಣಿಸಿದಳು.

ಹೊರಡುವವನನ್ನು ಕಿವಿಯೇ ತಡೆದ. ಹನ್ನೆರಡು ದಿನದಿಂದ ಆ ಒಂದು ಮಾತಿಗೆ ಕಾದಿದ್ದವನ ಮುಖ ಅದು. ಕೈಯೊರೆಸಿಕೊಂಡು, ಎದೆ ಸೆಟೆಸಿ, “ನಾನು ಅವತ್ತೇ ಹೇಳಿದ್ದೆ ತಾನೆ?” ಎಂದ.

ಡ್ರೈವರು ಅವನನ್ನು ನೋಡಿದ. ಈ ಸಲ ಪಕ್ಕಕ್ಕೆ ನಿಲ್ಲಲಿಲ್ಲ.

“ಹೇಳಿದ್ರಿ, ಯಜಮಾನ್ರಿಗೆ. ಸಾಯೋನು ನಾನು ಬಂದು ಕೇಳಿದಾಗ ಹೇಳಲಿಲ್ಲ.”

ಕುಲುಮೆ ಅಂದು ಹೊತ್ತಿಸಿರಲಿಲ್ಲ, ಬೀದಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಎರಡು ವರ್ಷ ಹೆಂಡತಿಯಿಂದ, ಗಿರಾಕಿಗಳಿಂದ, ಬೀದಿಯಿಂದ ಮುಚ್ಚಿಟ್ಟದ್ದನ್ನು ಕಿವಿ ಆಗ ತಾನಾಗಿಯೇ ಮುಂದೆ ಹಿಡಿದ. ಬೆರಳಿಂದ ಕಿವಿ ತೋರಿಸಿ ತಲೆಯಾಡಿಸಿದ, ಕೇಳಿಸಲಿಲ್ಲ ಎಂದು.

ಡ್ರೈವರು ಹತ್ತಿರ ಬಂದು, ತುಟಿ ಕಾಣುವ ಹಾಗೆ ನಿಂತು, ಒಂದೊಂದೇ ಪದ ಬಿಡಿಸಿ, ಮೂರು ಅಂಗಡಿಗೂ ಮುಟ್ಟುವಷ್ಟು ಜೋರಾಗಿ ಅದನ್ನೇ ಇನ್ನೊಂದು ಸಲ ಹೇಳಿದ.